ವಂಶವಿಲ್ಲದ ಪಾತ್ರಗಳು: ಅಮೆರಿಕದ ಹಗಲು ಧಾರಾವಾಹಿ ಮತ್ತು ಅದರ ನೋಡುಗರ ವಿಮರ್ಶೆ

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮಲ್ಲಿ ಒಂದು ಅಭ್ಯಾಸ ಬೆಳೆದುಬಿಟ್ಟಿದೆ. ಕೃತಿಯೊಂದನ್ನು ಕೈಗೆತ್ತಿಕೊಳ್ಳುವುದು, ಅದರಲ್ಲಿ ದಲಿತ ಪಾತ್ರ ಇದೆಯೋ ಇಲ್ಲವೋ ಎಂದು ಹುಡುಕುವುದು, ಇದ್ದರೆ ಅದನ್ನು ಒಳ್ಳೆಯದಾಗಿ ಚಿತ್ರಿಸಿದ್ದಾರೋ ಕೆಟ್ಟದಾಗಿ ಚಿತ್ರಿಸಿದ್ದಾರೋ ಎಂದು ತೀರ್ಪು ಕೊಡುವುದು. ಇದು ಬೇಡದ ಕೆಲಸ ಎಂದು ನಾನು ಹೇಳುತ್ತಿಲ್ಲ. ಆದರೆ ಪಾತ್ರ ಇದೆ ಎಂದಾದ ಮೇಲೂ ಕೇಳಬೇಕಾದ ಪ್ರಶ್ನೆಗಳಿವೆ. ಆ ಪಾತ್ರಕ್ಕೆ ಅವ್ವ ಅಪ್ಪ ಇದ್ದಾರೆಯೆ? ಅದಕ್ಕೊಂದು ಮನೆ ಇದೆಯೆ? ಅದು ಸತ್ತರೆ ಕತೆಯೊಳಗೆ ಅಳುವವರು ಯಾರು? ಅದರ ಮಾತನ್ನು ಬರೆದುಕೊಟ್ಟ ಕೈ ಯಾರದು? ಈ ಪ್ರಶ್ನೆಗಳನ್ನು ಇಷ್ಟು ಬಿಡಿಸಿ ಕೇಳುವ ಓದುಗರನ್ನು ನಾನು ಕಂಡದ್ದು ಒಂದು ವಿಚಿತ್ರ ಜಾಗದಲ್ಲಿ. ಅವರು ಅಮೆರಿಕದಲ್ಲಿ ಮಧ್ಯಾಹ್ನದ ಹೊತ್ತು ಬಟ್ಟೆಗೆ ಇಸ್ತ್ರಿ ಹಾಕುತ್ತ ಧಾರಾವಾಹಿ ನೋಡುವ ಹೆಂಗಸರು.

ಇದನ್ನು ಓದಿ ಕೆಲವು ಗೆಳೆಯರು ಮುಖ ಸಿಂಡರಿಸಬಹುದು, ನಮ್ಮ ಚಳುವಳಿಗೂ ಅಮೆರಿಕದ ಸೀರಿಯಲ್ಲಿಗೂ ಏನು ಸಂಬಂಧ ಅಂತ. ಸಂಬಂಧ ಹಳೆಯದೇ. 1946ರಲ್ಲಿ ಬಾಬಾಸಾಹೇಬರು ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕೆಂದು ಕೇಳಿದ್ದರು. 1972ರಲ್ಲಿ ಮುಂಬಯಿಯ ತರುಣರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂಬ ಹೆಸರನ್ನು ಅಲ್ಲಿಂದಲೇ ತಂದರು. ಕಪ್ಪು ಜನರ ಕವಿತೆ, ಭಾಷಣ, ಆತ್ಮಕತೆಗಳನ್ನು ಕನ್ನಡಕ್ಕೆ ತಂದುಕೊಂಡು ಓದಿದ್ದೇವೆ. ಹಾಗೆ ನಾವು ಓದಿದ್ದೆಲ್ಲ ಬೀದಿಗಿಳಿದ ಕಪ್ಪು ಮನುಷ್ಯನನ್ನು. ಬಿಳಿಯರ ಮನೆಗೆಲಸ ಮುಗಿಸಿ ಬಂದು ಟಿ.ವಿ. ಮುಂದೆ ಕೂರುವ ಕಪ್ಪು ಅಜ್ಜಿಯನ್ನು ನಾವು ಓದಲಿಲ್ಲ. ಆಕೆ ಈ ಧಾರಾವಾಹಿಗಳನ್ನು 'ಮೈ ಸ್ಟೋರೀಸ್' ಅನ್ನುತ್ತಾಳೆ. ನನ್ನ ಕತೆಗಳು! ಆಕೆಯಂಥವರಿಗೆ ಹೇಳಿಕೊಳ್ಳುವಂಥ ಜಾಗವೇ ಇಲ್ಲದಿದ್ದ ಕತೆಗಳನ್ನು ದಶಕಗಳ ಕಾಲ ಆಕೆ ನನ್ನವು ಎಂದಳು. ಇದನ್ನು ಮೋಸ ಹೋದವರ ಮಾತು ಎಂದು ತಳ್ಳಿಹಾಕುವುದು ಸುಲಭ. ನಮ್ಮ ಪ್ರಗತಿಪರ ವಿಮರ್ಶೆ ಹಾಗೆ ತಳ್ಳಿಹಾಕುತ್ತಲೇ ನಮ್ಮ ಅವ್ವಂದಿರ ಅಭಿರುಚಿಯನ್ನು ಚರ್ಚೆಯಿಂದಲೇ ಹೊರಗಿಟ್ಟಿದೆ.

*

'ಸೋಪ್ ಅಪೆರಾ' ಎಂಬ ಹೆಸರು ಹುಟ್ಟಿದ್ದೇ ಗೇಲಿಯಲ್ಲಿ. 1930ರಲ್ಲಿ ಶಿಕಾಗೋದ ಡಬ್ಲ್ಯುಜಿಎನ್ ರೇಡಿಯೋ ಕೇಂದ್ರಕ್ಕಾಗಿ ಇರ್ನಾ ಫಿಲಿಪ್ಸ್ ಎಂಬ ಮಹಿಳೆ 'ಪೇಂಟೆಡ್ ಡ್ರೀಮ್ಸ್' ಎಂಬ ದಿನದ ಕತೆಯನ್ನು ಬರೆಯತೊಡಗಿದರು. ಅದಕ್ಕೆ ಮೊದಲು ಆಕೆ ಶಾಲೆಯ ಟೀಚರ್. ಹಗಲು ಮನೆಯಲ್ಲಿರುವ ಹೆಂಗಸರಿಗೆ ಸೋಪು ಮಾರಬೇಕಾಗಿದ್ದ ಕಂಪನಿಗಳು ಇಂಥ ಕತೆಗಳಿಗೆ ದುಡ್ಡು ಹಾಕಿದವು. 1933ರಲ್ಲಿ ಬಂದ 'ಮಾ ಪರ್ಕಿನ್ಸ್' ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಆಕ್ಸಿಡಾಲ್ ಎಂಬ ಸೋಪಿನ ಪುಡಿಯ ಜಾಹೀರಾತಿನ ಜೊತೆ ಬರುತ್ತಿತ್ತು. ನಿಜವಾದ ಅಪೆರಾ ಸೂಟು ಹಾಕಿದವರದು, ಸೋಪಿನ ಅಪೆರಾ ಪಾತ್ರೆ ತೊಳೆಯುವವರದು. ಹೆಸರಿನಲ್ಲೇ ಮೈಲಿಗೆ ಇದೆ. 1942ರಲ್ಲಿ ಲೂಯಿ ಬರ್ಗ್ ಎಂಬ ನ್ಯೂಯಾರ್ಕಿನ ಮನೋವೈದ್ಯ ಈ ಕತೆಗಳನ್ನು ಕೇಳಿದರೆ ಹೆಂಗಸರ ರಕ್ತದೊತ್ತಡ ಏರುತ್ತದೆ, ನರ ಕೆಡುತ್ತದೆ ಎಂದು ಪ್ರಚಾರ ಮಾಡಿದ. ಅವನು ಪರೀಕ್ಷೆಗೆ ಒಳಪಡಿಸಿದ್ದು ಮುಖ್ಯವಾಗಿ ತನ್ನದೇ ರಕ್ತದೊತ್ತಡವನ್ನು!

ಫಿಲಿಪ್ಸ್ ಬರೆದ 'ದಿ ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿ.ವಿ.ಗೆ ಬಂದು, 2009ರ ಸೆಪ್ಟೆಂಬರಿನಲ್ಲಿ ನಿಂತಿತು. 72 ವರ್ಷ ಒಂದೇ ಕತೆ. ಇದರ ಕೆಲಸದ ಕ್ರಮವೇ ಬೇರೆ. ವಾರಕ್ಕೆ ಐದು ಕಂತು, ವರ್ಷಕ್ಕೆ ಸುಮಾರು 250. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಮುಖ್ಯ ಬರಹಗಾರರು ಆರು ತಿಂಗಳ, ವರ್ಷದ ಕತೆಯನ್ನು ಕಟ್ಟುತ್ತಾರೆ. ಅವರ ಕೆಳಗಿನವರು ಅದನ್ನು ದಿನದ ಲೆಕ್ಕಕ್ಕೆ ಒಡೆಯುತ್ತಾರೆ. ಇನ್ನು ಕೆಲವರು ಮಾತು ಬರೆಯುತ್ತಾರೆ. ಮತ್ತೊಬ್ಬರು ಎಲ್ಲರ ಮಾತನ್ನೂ ಒಂದೇ ದನಿಗೆ ತರುತ್ತಾರೆ. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬರೆದು ಬದುಕಿದ ಉದ್ಯಮ ಇದು. ಫಿಲಿಪ್ಸ್ ಹತ್ತಿರ ಕೆಲಸ ಕಲಿತ ಆಗ್ನೆಸ್ ನಿಕ್ಸನ್ 1962ರಲ್ಲಿ ಇದೇ 'ಗೈಡಿಂಗ್ ಲೈಟ್'ನಲ್ಲಿ ಒಬ್ಬ ಗೃಹಿಣಿಗೆ ಗರ್ಭಕೋಶದ ಕ್ಯಾನ್ಸರ್ ಬರುವ ಕತೆ ಬರೆದರು. ಕ್ಯಾನ್ಸರ್, ಗರ್ಭಕೋಶ ಎಂಬ ಪದಗಳನ್ನು ಬಳಸಕೂಡದು ಎಂಬುದು ಚಾನೆಲ್ಲಿನವರ, ಸೋಪಿನವರ ಷರತ್ತು. ಪದಗಳನ್ನು ಬಿಟ್ಟು ಕತೆಯನ್ನು ಹೇಳಿದರು. ನೋಡಿದ ಹೆಂಗಸರು ಡಾಕ್ಟರ ಬಳಿ ಪರೀಕ್ಷೆಗೆ ಹೋದರು. 'ಗಂಭೀರ' ಸಾಹಿತ್ಯ ಮಾಡಲಾಗದ ಕೆಲಸ ಇದು ಎನ್ನಲು ನನಗೆ ಸಂಕೋಚವಿಲ್ಲ.

*

ಇನ್ನು ನೋಡುಗರ ವಿಷಯ. ಈ ಧಾರಾವಾಹಿಗಳ ಹಳೆಯ ಅಭಿಮಾನಿಗಳು ಮಾತಿಗೆ ಕೂತರೆ ನಟ ನಟಿಯರ ಬಣ್ಣ, ಬಟ್ಟೆಗಳಷ್ಟೇ ಅಲ್ಲ, ಬರೆದವರ ಹೆಸರೂ ಬರುತ್ತದೆ. 'ಆಸ್ ದಿ ವರ್ಲ್ಡ್ ಟರ್ನ್ಸ್' ಬಗ್ಗೆ ಮಾತಾಡುವವರು ಡಗ್ಲಸ್ ಮಾರ್ಲಂಡ್ ಬರೆದ ವರ್ಷಗಳು, ಆಮೇಲಿನ ವರ್ಷಗಳು ಎಂದು ಕಾಲವನ್ನು ಭಾಗ ಮಾಡುತ್ತಾರೆ. 'ಜನರಲ್ ಹಾಸ್ಪಿಟಲ್' ಎಂದರೆ ಕ್ಲೇರ್ ಲಬೀನ್ ಬರೆದ 1990ರ ದಶಕದ ನಡುವಿನ ಕತೆಗಳು ಬೇರೆ, ಉಳಿದವು ಬೇರೆ. ನಾವು ನವೋದಯ, ನವ್ಯ ಎಂದು ವಿಂಗಡಿಸಿದ ಹಾಗೆಯೇ ಇದು. ನಮಗೆ ಕಾಲೇಜಿನಲ್ಲಿ ಕಲಿಸಿದರು, ಅವರು ನೋಡಿ ನೋಡಿ ಕಲಿತರು, ಅಷ್ಟೇ ವ್ಯತ್ಯಾಸ. 1975ರಲ್ಲಿ ಶುರುವಾದ 'ಸೋಪ್ ಅಪೆರಾ ಡೈಜೆಸ್ಟ್' ಪತ್ರಿಕೆ ತಪ್ಪಿಸಿಕೊಂಡ ಕಂತುಗಳ ಸಾರಾಂಶ ಕೊಡುತ್ತ, ತೆರೆಯ ಹಿಂದಿನವರ ಸುದ್ದಿ ಕೊಡುತ್ತ ಈ ವಿಮರ್ಶೆಗೆ ಒಂದು ಕಟ್ಟೆ ಕಟ್ಟಿಕೊಟ್ಟಿತು. 1993ರಲ್ಲಿ ತೀರಿಕೊಂಡ ಮಾರ್ಲಂಡ್, ಧಾರಾವಾಹಿಯನ್ನು ಹಾಳು ಮಾಡದಿರುವುದು ಹೇಗೆ ಎಂದು ಒಂದು ಪಟ್ಟಿ ಬರೆದಿದ್ದರು. ಮೊದಲು ಧಾರಾವಾಹಿಯನ್ನು ನೋಡು, ಅದರ ಚರಿತ್ರೆ ತಿಳಿ, ಅಭಿಮಾನಿಗಳ ಕಾಗದ ಓದು, ಹೊಸ ಪಾತ್ರಗಳನ್ನು ನಿಧಾನವಾಗಿ ಬೆಳೆಸು ಎಂಬಂಥ ಮಾತುಗಳು. ಅಭಿಮಾನಿಗಳು ಇದನ್ನು ಶಾಸನದ ಹಾಗೆ ನೆನೆಯುತ್ತಾರೆ. ಹೊಸ ಬರಹಗಾರನೊಬ್ಬ ಬಂದು ಇಪ್ಪತ್ತು ವರ್ಷದ ಪಾತ್ರದ ಬಾಯಲ್ಲಿ ಆಕೆ ಆಡದ ಮಾತು ಆಡಿಸಿದರೆ, ಇವನು ಹಿಂದಿನದನ್ನು ನೋಡಿಯೇ ಇಲ್ಲ ಅಂತ ಮರುದಿನವೇ ಪತ್ತೆ ಮಾಡುತ್ತಾರೆ. ಮಲೆಯ ಮಾದಪ್ಪನ ಕತೆಗೆ ರಾತ್ರಿಯಿಡೀ ಕೂತ ನಮ್ಮ ಹಟ್ಟಿಯ ಮುದುಕಿಯರಿಗೂ ಕಂಸಾಳೆಯವನು ಎಲ್ಲಿ ಸಾಲು ಹಾರಿಸಿದ ಎಂಬುದು ಗೊತ್ತಾಗುತ್ತದೆ.

ರಾಬರ್ಟ್ ಅಲೆನ್ ಎಂಬ ವಿದ್ವಾಂಸ 1985ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಮುಖ್ಯ ಸಂಗತಿಯನ್ನು ಗುರುತಿಸಿದ್ದಾರೆ. ಹೊಸಬರಿಗೆ ಎರಡು ಜನ ಕಾಫಿ ಕುಡಿಯುತ್ತಿರುವುದು ಮಾತ್ರ ಕಾಣುವ ದೃಶ್ಯದಲ್ಲಿ ಹಳೆಯ ನೋಡುಗರಿಗೆ ಇಡೀ ಊರಿನ ಸಂಬಂಧಗಳು ಕಾಣುತ್ತವೆ. ಇವಳು ಅವನ ಮೊದಲ ಹೆಂಡತಿಯ ತಂಗಿ, ಅವನು ಇವಳಿಗೆ ಗೊತ್ತಿಲ್ಲದ ಮಗನ ಅಪ್ಪ, ಇತ್ಯಾದಿ. ಅಂದರೆ ಈ ಪ್ರಕಾರದಲ್ಲಿ ಅರ್ಥ ಹುಟ್ಟುವುದೇ ನಂಟಸ್ತನದಿಂದ. ನೆಂಟರಿಲ್ಲದವರಿಗೆ ಇಲ್ಲಿ ಅರ್ಥವಿಲ್ಲ.

ಇನ್ನೊಂದು ಸಂಗತಿ. ಆ ಕಾಲದ ಚಾನೆಲ್ಲುಗಳು ಖರ್ಚು ಉಳಿಸಲು ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದವು. ಹೀಗಾಗಿ 'ಒನ್ ಲೈಫ್ ಟು ಲಿವ್', 'ಆಲ್ ಮೈ ಚಿಲ್ಡ್ರನ್' ಧಾರಾವಾಹಿಗಳ ಮೊದಲ ವರ್ಷಗಳ ಕಂತುಗಳಲ್ಲಿ ಬಹುಪಾಲು ಇಲ್ಲ. ಹೆಂಗಸರ ಹಗಲಿನ ಕತೆಯನ್ನು ಯಾರು ಜೋಪಾನ ಮಾಡಬೇಕು! ಉಳಿದದ್ದು ನೋಡುಗರ ನೆನಪು, ಪತ್ರಿಕೆಯ ಕತ್ತರಿಸಿದ ಹಾಳೆ, ಮುಂದೆ ವಿಸಿಆರ್ ಬಂದಮೇಲೆ ಮನೆಯಲ್ಲಿ ತುಂಬಿಸಿಟ್ಟ ಕ್ಯಾಸೆಟ್ಟು. ಮುಂದೆ ವಿದ್ವಾಂಸರು ಚರಿತ್ರೆ ಬರೆಯಲು ಬಂದಾಗ ಈ ಹೆಂಗಸರ ನೆನಪಿಗೇ ಕೈಚಾಚಬೇಕಾಯಿತು. ಕಡತದಲ್ಲಿ ಇಲ್ಲದ್ದು ಬಾಯಲ್ಲಿ ಉಳಿಯುವ ಈ ಪರಿಯನ್ನು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಾಯಿ ಎಲ್ಲವನ್ನೂ ಉಳಿಸುತ್ತದೆಯೆ? ಯಾವ ನೆನಪನ್ನು ಉಳಿಸುತ್ತದೆ, ಯಾವುದನ್ನು ಜಾರಿಬಿಡುತ್ತದೆ? ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

*

ಅಭಿಮಾನಿಗಳು 'ಚರಿತ್ರೆ' ಎಂದು ಯಾವುದನ್ನು ಕರೆಯುತ್ತಾರೋ ಅದು ಬಿಚ್ಚಿ ನೋಡಿದರೆ ನಾಲ್ಕೈದು ಬಿಳಿ ಮನೆತನಗಳ ವಂಶವೃಕ್ಷ. ಊರಿನ ಆಸ್ಪತ್ರೆ, ಪತ್ರಿಕೆ, ಕಾರ್ಖಾನೆ ಎಲ್ಲ ಈ ಮನೆತನಗಳ ಕೈಯಲ್ಲಿ. ಇಷ್ಟು ವರ್ಷ ಈ ಮನೆಗಳ ಹುಟ್ಟು, ಸಾವು, ಹಬ್ಬ, ಹಾದರಗಳನ್ನು ನೋಡಿದವರಿಗೆ ಆ ಮನೆಯ ಮೊಮ್ಮಗಳು ತೆರೆಗೆ ಬಂದ ತಕ್ಷಣ ಕರುಳು ಚುರ್ ಅನ್ನುತ್ತದೆ. ಹೊರಗಿನಿಂದ ಬಂದವರು ಬರೀ ಹೊಸಬರು.

ಈ ಲೋಕದೊಳಗೆ ಕಪ್ಪು ಪಾತ್ರ ಬಂದದ್ದು ಹೇಗೆ? 1966ರಲ್ಲಿ 'ಗೈಡಿಂಗ್ ಲೈಟ್'ಗೆ ಜಿಮ್ ಫ್ರೇಜರ್ ಎಂಬ ಕಪ್ಪು ಡಾಕ್ಟರನೂ ಅವನ ಹೆಂಡತಿ, ನರ್ಸ್ ಮಾರ್ಥಾಳೂ ಬಂದರು. ಆ ಡಾಕ್ಟರನ ಪಾತ್ರ ಮಾಡಿದವರಲ್ಲಿ ಜೇಮ್ಸ್ ಅರ್ಲ್ ಜೋನ್ಸ್ ಒಬ್ಬರು. ನರ್ಸಿನ ಪಾತ್ರ ಮಾಡಿದವರು ಸಿಸಿಲಿ ಟೈಸನ್ ಮತ್ತು ರೂಬಿ ಡೀ. ಅಮೆರಿಕದ ರಂಗಭೂಮಿಯ ದೊಡ್ಡ ಹೆಸರುಗಳು ಇವು. ಪಾತ್ರಗಳೇನೋ ಗೌರವದವೇ. ಡಾಕ್ಟರ್, ನರ್ಸ್, ಮುಂದಿನ ವರ್ಷಗಳಲ್ಲಿ ವಕೀಲ, ಪೊಲೀಸ್. ಕುಡಿಯುವುದಿಲ್ಲ, ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ. ಹಾದರವಿಲ್ಲದವರಿಗೆ ಸೀರಿಯಲ್ಲಿನಲ್ಲಿ ಏನು ಕೆಲಸ ಹೇಳಿ! ಬಿಳಿಯರ ಕಾಯಿಲೆ ವಾಸಿ ಮಾಡಿ, ಬಿಳಿಯರ ಕಷ್ಟಕ್ಕೆ ತಲೆದೂಗಿ, ಒಂದು ದಿನ ಬೇರೆ ಊರಿಗೆ ವರ್ಗವಾಗಿ ಹೋಗುವುದು ಇಂಥ ಪಾತ್ರಗಳ ಹಣೆಬರಹ. ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿದವರಿಗೆ ಈ ಪಾತ್ರಗಳ ಸ್ಥಿತಿ ಬೇಗ ಅರ್ಥವಾಗುತ್ತದೆ. ಸಿಲಬಸ್ಸು ಮುಗಿಸುವವರು ನಾವು, ಫೋಟೋದಲ್ಲಿ ಇರುವವರು ಬೇರೆ.

ಹಾಗಾಗಿ 1968ರ ಅಕ್ಟೋಬರಿನಲ್ಲಿ 'ಒನ್ ಲೈಫ್ ಟು ಲಿವ್'ನಲ್ಲಿ ನಡೆದದ್ದು ದೊಡ್ಡ ಸಂಗತಿ. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಎಲೆನ್ ಹಾಲಿ ಎಂಬ ನಟಿ ಷೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದವರು. ಮೈಬಣ್ಣ ತಿಳಿ. ಕಪ್ಪು ಪಾತ್ರ ಬೇಕೆಂದವರು ನಿನ್ನ ಬಣ್ಣ ಸಾಲದು ಎನ್ನುತ್ತಿದ್ದರು, ಬಿಳಿ ಪಾತ್ರ ಬೇಕೆಂದವರು ನೀನು ಕಪ್ಪು ಎನ್ನುತ್ತಿದ್ದರು. ಈ ಸಂಕಟವನ್ನು ಆಕೆ 1968ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದರು. ಅದನ್ನು ಓದಿದ ಆಗ್ನೆಸ್ ನಿಕ್ಸನ್ ತಮ್ಮ ಹೊಸ ಧಾರಾವಾಹಿಗೆ ಕರೆದರು. ಕತೆ ಹೀಗೆ: ಕಾರ್ಲಾ ಬೆನಾರಿ ಎಂಬ ನಟಿ ಊರಿಗೆ ಬರುತ್ತಾಳೆ. ಹೆಸರು ನೋಡಿದರೆ ಇಟಲಿ ಮೂಲದವಳು. ಜಿಮ್ ಕ್ರೇಗ್ ಎಂಬ ಬಿಳಿ ಡಾಕ್ಟರನ ಜೊತೆ ಮದುವೆ ನಿಶ್ಚಯವಾಗುತ್ತದೆ. ಆದರೆ ಪ್ರೈಸ್ ಟ್ರೇನರ್ ಎಂಬ ಕಪ್ಪು ಡಾಕ್ಟರನ ಮೇಲೆ ಆಕೆಗೆ ಮನಸ್ಸಾಗುತ್ತದೆ. ಇಬ್ಬರೂ ಮುತ್ತಿಟ್ಟುಕೊಂಡ ದಿನ ಚಾನೆಲ್ಲಿಗೆ ಸಿಟ್ಟಿನ ಫೋನುಗಳು ಬಂದವು. ಟೆಕ್ಸಾಸಿನ ಒಂದು ಕೇಂದ್ರ ಧಾರಾವಾಹಿಯ ಪ್ರಸಾರವನ್ನೇ ನಿಲ್ಲಿಸಿತು. ಬಿಳಿ ಹೆಣ್ಣು ಕಪ್ಪು ಗಂಡನ್ನು ಮುಟ್ಟಿದಳು ಎಂಬುದು ಅವರ ಸಿಟ್ಟು. ತಿಂಗಳುಗಟ್ಟಲೆ ಕತೆ ನಡೆದ ಮೇಲೆ ಗುಟ್ಟು ಬಯಲಾಗುತ್ತದೆ. ಕಾರ್ಲಾ ಬೆನಾರಿ ಅಲ್ಲ, ಕ್ಲಾರಾ ಗ್ರೇ. ಊರಿನ ಆಸ್ಪತ್ರೆಯಲ್ಲಿ ಸ್ವಚ್ಛತೆಯ ಕೆಲಸದ ಉಸ್ತುವಾರಿ ನೋಡುವ ಸೇಡಿ ಗ್ರೇ ಎಂಬ ಕಪ್ಪು ಹೆಂಗಸಿನ ಮಗಳು.

ಬಿಳಿಯರಂತೆ ಬಾಳಿ ಹುಟ್ಟನ್ನು ಮುಚ್ಚಿಡುವ ಈ ವಿದ್ಯೆಗೆ ಅಲ್ಲಿ 'ಪಾಸಿಂಗ್' ಎನ್ನುತ್ತಾರೆ. ನಮಗೆ ಇದಕ್ಕೆ ಒಂದೇ ಪದ ಇಲ್ಲ, ಆದರೆ ಅನುಭವ ಬೇಕಾದಷ್ಟಿದೆ. ಪಟ್ಟಣದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯ ಯಜಮಾನಿ 'ನೀವು ಯಾವ ಪೈಕಿ?' ಅಂತ ನೇರವಾಗಿ ಕೇಳುವುದಿಲ್ಲ, 'ವೆಜ್ಜಾ, ನಾನ್‌ವೆಜ್ಜಾ?' ಅನ್ನುತ್ತಾಳೆ. ನನ್ನ ಜೊತೆ ಓದಿದವರೊಬ್ಬರು ನಾಲ್ಕು ವರ್ಷ ಲಿಂಗಾಯತರೆಂದು ಹೇಳಿಕೊಂಡು ಒಂದು ಮನೆಯಲ್ಲಿದ್ದರು. ಆ ನಾಲ್ಕು ವರ್ಷ ಅವರ ಅವ್ವ ಒಮ್ಮೆಯೂ ಮಗನ ಮನೆಗೆ ಬರಲಿಲ್ಲ. ಬಂದರೆ ಅವಳ ಮಾತು, ಅವಳ ಸೀರೆಯ ಉಡುಗೆ ಸಾಕಲ್ಲ, ಗೊತ್ತಾಗಲು. ಕಾರ್ಲಾಳ ಕತೆ ಓದಿದಾಗ ನನಗೆ ಕಾಡಿದ್ದು ಡಾಕ್ಟರುಗಳ ನಡುವೆ ಸಿಕ್ಕಿಬಿದ್ದ ಆಕೆಯ ಪ್ರೇಮವಲ್ಲ. ಮಗಳಿಗೆ ತನ್ನ ಮುಖವೇ ಅಪಾಯವಾಗಿಬಿಟ್ಟ ಸೇಡಿಯ ಸ್ಥಿತಿ.

ಈ ಕತೆಯ ಬಗ್ಗೆ ಅಭಿಮಾನಿಗಳು ಮಾತಾಡುವಾಗ ಸಾಮಾನ್ಯವಾಗಿ ನಿಕ್ಸನ್ ಅವರ ಧೈರ್ಯವನ್ನು ಹೊಗಳುತ್ತಾರೆ. ಧೈರ್ಯವಂತೂ ನಿಜ. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ವರ್ಷದಲ್ಲಿ, ಮಧ್ಯಾಹ್ನದ ಸೋಪಿನ ಜಾಹೀರಾತುಗಳ ನಡುವೆ ಇದನ್ನು ಬರೆಯುವುದು ಹುಡುಗಾಟವಲ್ಲ. ಆದರೆ ಕತೆಯ ರಚನೆಯನ್ನು ಗಮನಿಸಬೇಕು. ಅದು ಯಾರಿಗೆ ಆಘಾತ ಕೊಡಲು ಹೆಣೆದ ಕತೆ? ಬಿಳಿ ನೋಡುಗರಿಗೆ. ಅವರು ಕಾರ್ಲಾಳನ್ನು ಬಿಳಿಯಳೆಂದು ನಂಬಿ ಪ್ರೀತಿಸಬೇಕು, ಆಮೇಲೆ ಬೆಚ್ಚಿ ತಮ್ಮ ಎದೆ ಮುಟ್ಟಿ ನೋಡಿಕೊಳ್ಳಬೇಕು. ಕಪ್ಪು ನೋಡುಗರು ಈ ಲೆಕ್ಕದಲ್ಲಿ ಇರಲಿಲ್ಲ. ಹಾಲಿಯವರ ಲೇಖನ ಓದಿದವರಿಗೆ ಮೊದಲ ದಿನದಿಂದಲೇ ಗುಟ್ಟು ಗೊತ್ತಿತ್ತು.

1996ರಲ್ಲಿ ಹಾಲಿ ಆತ್ಮಕತೆ ಬರೆದರು. ತಮ್ಮ ಕತೆಯಿಂದ ಧಾರಾವಾಹಿ ಮೇಲೆದ್ದರೂ ತಮಗೆ ಬಿಳಿ ಸಹನಟರಿಗಿಂತ ಎಷ್ಟೋ ಕಡಿಮೆ ಸಂಬಳ ಕೊಟ್ಟರು, ತಮ್ಮನ್ನು ನಡೆಸಿಕೊಂಡ ರೀತಿಯೂ ಹಾಗೆಯೇ ಇತ್ತು ಎಂದು ಅದರಲ್ಲಿ ಹೇಳಿದ್ದಾರೆ. 1985ರಲ್ಲಿ ಅವರ ಪಾತ್ರ ಮುಗಿಯಿತು. ಮರುವರ್ಷ ಸೇಡಿಯೂ ಹೊರಗಾದಳು. ಸೇಡಿಯ ಪಾತ್ರ ಮಾಡುತ್ತಿದ್ದ ಲಿಲಿಯನ್ ಹೇಮನ್ 1968ರಲ್ಲಿ ಬ್ರಾಡ್‌ವೇ ನಾಟಕಕ್ಕೆ ಟೋನಿ ಪ್ರಶಸ್ತಿ ಪಡೆದಿದ್ದ ಹಾಡುಗಾರ್ತಿ. ಹಾಲಿ ಮುಂದೆ ನ್ಯೂಯಾರ್ಕ್ ಪಕ್ಕದ ವೈಟ್ ಪ್ಲೇನ್ಸ್ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿದರು. 2023ರ ಡಿಸೆಂಬರಿನಲ್ಲಿ ತೀರಿಕೊಂಡರು.

ಕನ್ನಡದಲ್ಲಿ 'ಚೋಮನ ದುಡಿ'ಯ ಕಾಲದಿಂದ ಅನುಕಂಪವೋ ಅನುಭವವೋ ಎಂಬ ಜಗಳ ನಡೆದಿದೆ. ದಲಿತೇತರರು ಬರೆದ ದಲಿತ ಪಾತ್ರ ಎಷ್ಟು ನಿಜ ಎಂಬ ಆ ಜಗಳ ಈಗ ಸವೆದುಹೋಗಿದೆ. ಹಾಲಿಯವರ ಪ್ರಕರಣ ಅದನ್ನು ಬೇರೆ ದಿಕ್ಕಿಗೆ ತಿರುಗಿಸುತ್ತದೆ. ಇಲ್ಲಿ ಅನುಭವ ಇತ್ತು, ಅದನ್ನು ಚೆನ್ನಾಗಿ ಬರೆಯಬಲ್ಲ ಕೈಯೂ ಹಾಲಿಯವರಿಗೇ ಇತ್ತು. ಆ ಬರಹವನ್ನು ಓದಿಯೇ ಅವರನ್ನು ಕರೆದದ್ದು. ಕರೆದು ಕೂರಿಸಿದ್ದು ಮಾತ್ರ ಬಣ್ಣ ಹಚ್ಚುವ ಕುರ್ಚಿಯಲ್ಲಿ, ಬರೆಯುವ ಮೇಜಿಗೆ ಅಲ್ಲ. ಒಳ್ಳೆಯ ಮನಸ್ಸಿನವರೂ ಹೀಗೆ ಮಾಡುತ್ತಾರೆ. ಬರೆಯಬಲ್ಲವರಿಂದ ಅನುಭವವನ್ನು ಮಾತ್ರ ತೆಗೆದುಕೊಳ್ಳುವುದು, ಪೆನ್ನನ್ನು ತಾವೇ ಇಟ್ಟುಕೊಳ್ಳುವುದು. ನಮ್ಮ ಜಾನಪದ ಸಂಗ್ರಹಗಳ ಮುಖಪುಟದಲ್ಲಿ ಹಾಡಿದವಳ ಹೆಸರು ಎಲ್ಲಿರುತ್ತದೆ, ಸಂಪಾದಕರ ಹೆಸರು ಎಲ್ಲಿರುತ್ತದೆ ಎಂದು ಒಮ್ಮೆ ನೋಡಿ.

*

ನೋಡುಗರ ಕಾಗದಕ್ಕೆ ಶಕ್ತಿ ಇದೆ ಎಂದೆ. ಅದು ಎರಡು ಬದಿಗೂ ಹರಿತ. 1970ರ ದಶಕದ ನಡುವೆ 'ಡೇಸ್ ಆಫ್ ಅವರ್ ಲೈವ್ಸ್'ನಲ್ಲಿ ಬಿಳಿ ಹುಡುಗ ಡೇವಿಡ್ ಮತ್ತು ಕಪ್ಪು ಹುಡುಗಿ ವ್ಯಾಲರಿಯ ಪ್ರೇಮ ಮದುವೆಯ ಹೊಸ್ತಿಲಿಗೆ ಬಂದಾಗ ದ್ವೇಷದ ಕಾಗದಗಳು ಬಂದವು. ಮದುವೆ ಆಗಲಿಲ್ಲ. ವ್ಯಾಲರಿಯ ಪಾತ್ರ ಮಾಡಿದ ಟೀನಾ ಆಂಡ್ರೂಸ್ ಮುಂದೆ ತಾವೇ ಬರಹಗಾರ್ತಿಯಾದರು. ಅಧ್ಯಕ್ಷ ಜೆಫರ್ಸನ್ ಮತ್ತು ಅವನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಬಗೆಗಿನ, 2000ದಲ್ಲಿ ಪ್ರಸಾರವಾದ ಕಿರುಸರಣಿ ಅವರು ಬರೆದದ್ದು. ನೋಡುಗರೆಂದರೆ ಜನತೆ, ಜನತೆ ಎಂದರೆ ಪ್ರಗತಿ ಎಂದು ನಂಬುವವರು ಆ ಕಾಗದಗಳನ್ನೂ ಜನತೆಯೇ ಬರೆದದ್ದು ಎಂಬುದನ್ನು ಮರೆಯಬಾರದು.

ಇದಕ್ಕೆ ಎದುರಾಗಿ 'ಆಲ್ ಮೈ ಚಿಲ್ಡ್ರನ್'ನ ಆಂಜಿ ಮತ್ತು ಜೆಸ್ಸಿಯನ್ನು ಇಡಬೇಕು. 1980ರ ದಶಕದ ಈ ಕಪ್ಪು ಜೋ‌ಡಿಗೆ (ಡೆಬಿ ಮಾರ್ಗನ್, ಡಾರ್ನೆಲ್ ವಿಲಿಯಮ್ಸ್) ಬಿಳಿ, ಕಪ್ಪು ಎನ್ನದೆ ಎಲ್ಲರೂ ಮನಸೋತರು. ಏಕೆ? ನನ್ನ ಮಟ್ಟಿಗೆ ಉತ್ತರ ಸರಳ. ಇವರಿಗೆ ಮನೆ ಇತ್ತು. ಜೆಸ್ಸಿ ಡಾಕ್ಟರ್ ಫ್ರಾಂಕ್ ಗ್ರಾಂಟನ ಅಕ್ಕನೋ ತಂಗಿಯೋ ಹೆತ್ತ ಮಗ, ಬೀದಿಯಲ್ಲಿ ಬೆಳೆದವನು. ಆಂಜಿ ಅನುಕೂಲಸ್ಥರ ಮನೆಯ ಹುಡುಗಿ, ಅವಳ ಅಪ್ಪನಿಗೆ ಈ ಹುಡುಗ ಬೇಡ. ಆ ಮರ್ಯಾದಸ್ಥ ವಕೀಲ ಅಪ್ಪನೇ ಹೆಂಗಸರನ್ನು ದಂಧೆಗಿಟ್ಟವನು ಎಂಬುದು ಆಮೇಲೆ ಗೊತ್ತಾಗುತ್ತದೆ. ಅಂದರೆ ಕಪ್ಪು ಜನರೊಳಗೇ ಮೇಲು ಕೀಳು, ಕಪ್ಪು ಮನೆಯೊಳಗೇ ಕೇಡು. ಒಳ್ಳೆಯವರಾಗಿ ಮಾತ್ರ ಇರಬೇಕೆಂಬ ಶಿಕ್ಷೆಯಿಂದ ಪಾತ್ರಗಳು ಬಿಡುಗಡೆಯಾದವು. 1988ರಲ್ಲಿ ಜೆಸ್ಸಿಯನ್ನು ಸಾಯಿಸಿದಾಗ ಅವನಿಗಾಗಿ ಅಳುವವರು ಕತೆಯೊಳಗೂ ಇದ್ದರು, ಹೊರಗೂ ಇದ್ದರು. ಆ ಅಳು ಎಷ್ಟು ಗಟ್ಟಿಯಾಗಿತ್ತೆಂದರೆ ಇಪ್ಪತ್ತು ವರ್ಷದ ನಂತರ, 2008ರಲ್ಲಿ, ಅವನನ್ನು ಬದುಕಿಸಿ ತರಬೇಕಾಯಿತು. ಸತ್ತವರು ಎದ್ದು ಬರುವುದು ಈ ಪ್ರಕಾರದಲ್ಲಿ ಮಾಮೂಲು ಬಿಡಿ. ಆದರೂ ಯಾರನ್ನು ಎಬ್ಬಿಸುತ್ತಾರೆ ಎಂಬುದರಲ್ಲಿ ಒಂದು ಲೆಕ್ಕ ಇರುತ್ತದೆ.

ತೆರೆಯ ಹಿಂದೆ ಮಾತ್ರ ಬಹುಕಾಲ ಬಿಳಿಯರೇ. 'ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್' ಕಪ್ಪು ಮನೆಗಳಲ್ಲಿ ಬಹಳ ಜನಪ್ರಿಯವಾಗಿದ್ದ ಧಾರಾವಾಹಿ. ಅದರಲ್ಲಿ 1990ರಿಂದ ಡ್ರೂಸಿಲ್ಲಾ ಎಂಬ ಪಾತ್ರ ಮಾಡಿದ ವಿಕ್ಟೋರಿಯಾ ರೋವೆಲ್ ಬಹಿರಂಗವಾಗಿ ಹೇಳಿದ ಒಂದು ದೂರು ನನಗೆ ಬಹಳ ಮುಖ್ಯವೆನಿಸುತ್ತದೆ. ಬರೆಯುವವರಲ್ಲಿ, ನಿರ್ದೇಶಿಸುವವರಲ್ಲಿ ಕಪ್ಪು ಜನ ಇಲ್ಲ ಎಂಬುದರ ಜೊತೆಗೆ, ಕಪ್ಪು ಹೆಂಗಸಿನ ತಲೆಗೂದಲನ್ನು ಬಾಚಲು ಬಲ್ಲವರೂ ಸೆಟ್ಟಿನಲ್ಲಿ ಇಲ್ಲ ಎಂದರು. ಇದನ್ನು ಸಣ್ಣ ಮಾತು ಎಂದು ನಕ್ಕವರಿದ್ದಾರೆ. ನಾಯಕಿಯ ಕೂದಲು ಹೇಗೆ ನಿಲ್ಲುತ್ತದೆ ಎಂದೇ ತಿಳಿಯದವರು ಅವಳ ಮನಸ್ಸು ಹೇಗೆ ನಿಲ್ಲುತ್ತದೆ ಎಂದು ಬರೆಯುತ್ತಿದ್ದರಲ್ಲ! 2015ರಲ್ಲಿ ಆಕೆ ಚಾನೆಲ್ ಮತ್ತು ನಿರ್ಮಾಣ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿದರು. ಅದು ಮುಂದೆ ರಾಜಿಯಲ್ಲಿ ಮುಗಿಯಿತು.

*

1989ರ ಮಾರ್ಚಿನಲ್ಲಿ 'ಜನರೇಷನ್ಸ್' ಶುರುವಾಯಿತು. ಹೆಸರೇ ತಲೆಮಾರುಗಳು. ಮೊದಲ ದಿನದಿಂದಲೇ ಒಂದು ಕಪ್ಪು ಮನೆತನವನ್ನು ನಡುವೆ ಇಟ್ಟುಕೊಂಡ ಮೊದಲ ಹಗಲು ಧಾರಾವಾಹಿ. ಶಿಕಾಗೋದಲ್ಲಿ ಐಸ್‌ಕ್ರೀಮ್ ಅಂಗಡಿಗಳನ್ನು ನಡೆಸುವ ಮನೆ. ಆ ಮನೆಯ ಅಜ್ಜಿ ಹಿಂದೊಮ್ಮೆ ಕತೆಯ ಬಿಳಿ ಮನೆತನದಲ್ಲಿ ಮನೆಗೆಲಸಕ್ಕಿದ್ದವಳು. ಎಷ್ಟು ಕಸುವುಳ್ಳ ಕಟ್ಟು ನೋಡಿ. ಬಿಳಿ ಮನೆಯ ಗುಟ್ಟುಗಳೆಲ್ಲ ಅಡುಗೆಮನೆಯಲ್ಲಿದ್ದವಳಿಗೆ ಗೊತ್ತು. ಆದರೆ 1991ರ ಜನವರಿಯಲ್ಲಿ, ಎರಡು ವರ್ಷವೂ ತುಂಬುವ ಮುನ್ನ, ನಿಲ್ಲಿಸಿಬಿಟ್ಟರು. ಜನ ನೋಡಲಿಲ್ಲ ಎಂಬುದು ಕಾರಣ. ಬಿಳಿ ಮನೆತನಗಳಿಗೆ ಬೇರು ಬಿಡಲು ಕೊಟ್ಟ ಕಾಲವನ್ನು ಈ ಮನೆತನಕ್ಕೆ ಕೊಡಲಿಲ್ಲ ಎಂಬುದು ನನ್ನ ತೀರ್ಪು. ವಂಶಕ್ಕೆ ಬೇಕಾದದ್ದು ಪ್ರತಿಭೆಗಿಂತ ಹೆಚ್ಚಾಗಿ ಸಮಯ.

ಆ ಧಾರಾವಾಹಿಯ ಬರಹಗಾರರ ಮೇಜಿನಲ್ಲಿ ಮಿಶೆಲ್ ವಾಲ್ ಜೀನ್ ಎಂಬ ಕಪ್ಪು ಮಹಿಳೆ ಇದ್ದರು. ಅದು ನಿಂತ ಮೇಲೆ ಅವರು 'ಜನರಲ್ ಹಾಸ್ಪಿಟಲ್', 'ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್'ನಂಥ ಧಾರಾವಾಹಿಗಳಿಗೆ, ಅಂದರೆ ಬೇರೆಯವರ ಮನೆತನಗಳಿಗೆ, ಮಾತು ಬರೆದುಕೊಂಡೇ ಮೂರು ದಶಕ ಕಳೆದರು. ಟೈಟಲ್ ಕಾರ್ಡಿನಲ್ಲಿ ಸರಕ್ಕನೆ ಓಡುವ ಆ ಹೆಸರನ್ನು ಹಿಡಿದಿಟ್ಟುಕೊಂಡವರು ಅಭಿಮಾನಿಗಳೇ. ಇಂಥ ಮಾತು ಬಂದ ದಿನ ಬರೆದದ್ದು ಆಕೆಯೇ ಇರಬೇಕು ಅಂತ ಗುರುತಿಸುತ್ತಿದ್ದರು. 2025ರ ಫೆಬ್ರವರಿ 24ರಂದು ಅವರದೇ 'ಬಿಯಾಂಡ್ ದಿ ಗೇಟ್ಸ್' ಸಿಬಿಎಸ್ ವಾಹಿನಿಯಲ್ಲಿ ಶುರುವಾಯಿತು. 1999ರ 'ಪ್ಯಾಷನ್ಸ್' ನಂತರ ದೊಡ್ಡ ವಾಹಿನಿಯೊಂದರಲ್ಲಿ ಬಂದ ಮೊದಲ ಹೊಸ ಹಗಲು ಧಾರಾವಾಹಿ ಇದು. ಕಪ್ಪು ಜನರ ಹಳೆಯ ಹಕ್ಕು ಸಂಘಟನೆಯಾದ ಎನ್‌ಎಎಸಿಪಿ ಇದರ ನಿರ್ಮಾಣದಲ್ಲಿ ಪಾಲುದಾರ. ಇನ್ನೊಂದು ಪಾಲು 1933ರ ಆ ಸೋಪಿನ ಕಂಪನಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನದು!

ಕತೆ ವಾಷಿಂಗ್ಟನ್ ಹತ್ತಿರದ, ಗೇಟು ಹಾಕಿದ ಶ್ರೀಮಂತ ಬಡಾವಣೆಯ ಡುಪ್ರೀ ಮನೆತನದ್ದು. ಯಜಮಾನ ಮಾಜಿ ಸೆನೆಟರ್, ಯಜಮಾನಿ ಹಿಂದೆ ಹೆಸರಾದ ಹಾಡುಗಾರ್ತಿ. ಶುರುವಿನಲ್ಲೇ ಒಬ್ಬ ಮಗಳು ತನ್ನ ಮಾಜಿ ಗಂಡನ ಹೊಸ ಮದುವೆಗೆ ನುಗ್ಗಿ ರಂಪ ಮಾಡುತ್ತಾಳೆ. ನಮ್ಮ ಸಂಗಾತಿಗಳು ಕೇಳುವ ಪ್ರಶ್ನೆ ನನಗೆ ಗೊತ್ತು. ಗೇಟಿನ ಹೊರಗಿನ ಕಪ್ಪು ಜನ ಎಲ್ಲಿ? ಬಂಗಲೆಯ ಕತೆ ಯಾಕೆ ಬೇಕು? ಪ್ರಶ್ನೆ ನ್ಯಾಯವಾದದ್ದೇ. ಮೀಸಲಾತಿಯಿಂದ ಮೇಲೆ ಬಂದ ನಮ್ಮ ಸಣ್ಣ ವರ್ಗವೊಂದು ಹಟ್ಟಿಗೆ ಬೆನ್ನು ಹಾಕಿದ್ದನ್ನು ಕಂಡ ನಾವು ಗೇಟು ಎಂದ ಕೂಡಲೇ ಅನುಮಾನ ಪಡಬೇಕು. ಆದರೆ ಈ ರಂಪ ಮಾಡುವ ಮಗಳನ್ನು ನಾನು ಬಿಟ್ಟುಕೊಡಲಾರೆ. 1966ರ ಆ ನರ್ಸಿಗೆ ಮದುವೆ ಮಂಟಪಕ್ಕೆ ನುಗ್ಗುವ ಹಕ್ಕಿರಲಿಲ್ಲ. ತಪ್ಪು ಮಾಡಿಯೂ ಕತೆಯ ನಡುವೆಯೇ ಉಳಿಯುವ ಹಕ್ಕು ಬರೀ ಬಿಳಿ ಪಾತ್ರಗಳದಾಗಿತ್ತು. ದಲಿತ ಪಾತ್ರ ಎಂದರೆ ಒಂದೋ ನರಳಬೇಕು, ಇಲ್ಲ ಸಿಡಿದೇಳಬೇಕು ಎಂದು ನಾವೇ ವಿಮರ್ಶೆಯಲ್ಲಿ ಕಟ್ಟಿರುವ ಗೇಟನ್ನೂ ಇದರ ಜೊತೆಗೆ ನೋಡಬೇಕಲ್ಲವೆ?

*

ನಮ್ಮಲ್ಲಿ 2020ರಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್' ಪ್ರಸಾರವಾದಾಗ ಹಳ್ಳಿ ಹಳ್ಳಿಯ ಕೇರಿಯ ಬಾಯಲ್ಲಿ, ಸರ್ಕಲ್ಲಿನಲ್ಲಿ ಅದರ ಫ್ಲೆಕ್ಸುಗಳು ಎದ್ದವು. ಸಿನಿಮಾ ನಟರಿಗೆ ಕಟ್ಟುವ ಹಾಗೆ ಒಂದು ಧಾರಾವಾಹಿಗೆ ಜನ ತಮ್ಮ ದುಡ್ಡಿನಲ್ಲಿ ಫ್ಲೆಕ್ಸು ಕಟ್ಟಿದರು. ಈ ಅಭಿಮಾನವನ್ನು ಬಾಬಾಸಾಹೇಬರ ಹೆಸರಿನಿಂದ ಮಾತ್ರ ವಿವರಿಸಿದರೆ ಸಾಲದು. ಪುಸ್ತಕಗಳಲ್ಲಿ ಒಬ್ಬಂಟಿ ಧೀಮಂತರಾಗಿ ಬರುವ ಭೀಮರಾಯರಿಗೆ ಆ ಧಾರಾವಾಹಿ ಒಂದು ತುಂಬಿದ ಮನೆ ಕೊಟ್ಟಿತು. ಅಪ್ಪ ರಾಮಜಿ, ಅವ್ವ ಭೀಮಾಬಾಯಿ, ಸೋದರತ್ತೆ ಮೀರಾ, ಅಣ್ಣಂದಿರು, ಅಕ್ಕಂದಿರು. ನಮ್ಮ ಹಟ್ಟಿಯ ಹೆಂಗಸರು ಭೀಮಾಬಾಯಿ ತೀರಿಕೊಂಡ ದಿನ ಅತ್ತದ್ದು ಸಂವಿಧಾನ ಶಿಲ್ಪಿಯ ತಾಯಿಗಾಗಿ ಅಲ್ಲ, ತಮಗೆ ದಿನಾ ಕಾಣುತ್ತಿದ್ದ ಒಬ್ಬ ಹೆಂಗಸಿಗಾಗಿ. ಅದು ಹಿಂದಿಯಿಂದ ಡಬ್ ಆಗಿ ಬಂದದ್ದು. ಹಿಂದಿಯಲ್ಲಿ ಬರೆದವರಾರು, ಕನ್ನಡದ ಮಾತು ಕೂಡಿಸಿದವರಾರು ಎಂದು ಫ್ಲೆಕ್ಸ್ ಕಟ್ಟಿದ ನಮ್ಮ ಹುಡುಗರು ಕೇಳಲಿಲ್ಲ. ಅದರ ಬಗ್ಗೆ ಭಾಷಣ ಮಾಡಿದ ಬುದ್ಧಿಜೀವಿಗಳೂ ಕೇಳಲಿಲ್ಲ.

ಹೋದ ವರ್ಷ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಮನೆಯಲ್ಲಿ ನೋಡುವ ಒಂದು ಕನ್ನಡ ಧಾರಾವಾಹಿಯಲ್ಲಿ ಯಾರಿಗೆ ಮನೆ ಇದೆ, ಯಾರಿಗೆ ಇಲ್ಲ ಎಂದು ಪಟ್ಟಿ ಮಾಡಿ, ಕತೆ ಸಂಭಾಷಣೆ ಬರೆದವರ ಹೆಸರು ಬರೆದುಕೊಂಡು ಬನ್ನಿ ಅಂತ. ಹೆಸರು ಓದಲು ಆಗಲ್ಲ, ಬಹಳ ಸ್ಪೀಡಾಗಿ ಓಡುತ್ತೆ ಅಂದರು ಸುಮಾರು ಜನ. ಒಬ್ಬ ಹುಡುಗಿ ಮಾತ್ರ ಅವಳ ಅಜ್ಜಿಯನ್ನು ಕೂರಿಸಿಕೊಂಡು ಪಟ್ಟಿ ಮಾಡಿದ್ದಳು. ದೊಡ್ಡ ಮನೆಯ ಹನ್ನೊಂದು ಜನರಿಗೆ ಅಜ್ಜಿ ಸಂಬಂಧ ಸಮೇತ ಲೆಕ್ಕ ಕೊಟ್ಟಿದ್ದಾಳೆ. ಕೊನೆಯಲ್ಲಿ ಆ ಮನೆಯ ಕೆಲಸದವಳ ಹೆಸರಿನ ಮುಂದೆ ಹುಡುಗಿ ಅಜ್ಜಿಯ ಮಾತನ್ನು ಹಾಗೇ ಬರೆದುಕೊಂಡು ಬಂದಿದ್ದಳು: 'ಎಲ್ಡು ವರ್ಸದಿಂದ ನೋಡ್ತಾವ್ನಿ ಕನವ್ವ, ಇವ್ಳು ಸಂದೇಗೆ ಕೆಲ್ಸ ಮುಗುಸ್ಕಂಡು ಎಲ್ಲಿಗೋಯ್ತಳೆ ಅಂತ ಒಂದಿನಾನೂ ತೋರಿಸ್ನಿಲ್ಲ.' ಅದನ್ನೇ ಲೇಖನ ಮಾಡಿ ಈ ಪತ್ರಿಕೆಗೆ ಕಳಿಸು ಎಂದು ಆ ಹುಡುಗಿಗೆ ಹೇಳಿದ್ದೇನೆ. ಅಜ್ಜಿಯ ಹೆಸರನ್ನೂ ಹಾಕಬೇಕು ಸಾರ್ ಅಂದಳು, ಹಾಕು ಅಂದೆ.